ಕಣ್ಣಾಸ್ಪತ್ರೆಯಲ್ಲಿ ಮಬ್ಬು ಸ್ಲೈಡು

ದೊಡ್ಡ ಡಾಕ್ಟರಿಗೆ ಈ ಲೋಕದಲ್ಲಿ ಇದ್ದದ್ದು ಎರಡೇ ವೈರಿ. ಒಂದು ಕಣ್ಣಿನ ಪೊರೆ, ಇನ್ನೊಂದು ಮಬ್ಬು ಸ್ಲೈಡು. ಪೊರೆಯನ್ನಾದರೂ ಅವರು ಅರ್ಧಂಬರ್ಧ ಕ್ಷಮಿಸುತ್ತಿದ್ದರು. ಪಾಪ, ಅದು ವಯಸ್ಸಿನ ಜೊತೆ ಹೇಳದೆ ಕೇಳದೆ ಬರುತ್ತದೆ, ಮೇಲಾಗಿ ಅವರ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಮಬ್ಬು ಸ್ಲೈಡಿಗೆ ಮಾತ್ರ ಕ್ಷಮೆ ಇರಲಿಲ್ಲ.

ಅವರ ಕಣ್ಣಾಸ್ಪತ್ರೆಯಲ್ಲಿ ತಿಂಗಳಿಗೊಂದು ಶನಿವಾರ ಸಭೆ ಸೇರುವ ಪದ್ಧತಿ. ಆಸ್ಪತ್ರೆಯ ಡಾಕ್ಟರುಗಳು, ಊರಿನ ಉಳಿದ ಕಣ್ಣಿನ ಡಾಕ್ಟರುಗಳು, ಕನ್ನಡಕದಂಗಡಿಯವರು ಎಲ್ಲ ಮೇಲಿನ ಮಹಡಿಯ ಹಾಲಿನಲ್ಲಿ ಜಮಾಯಿಸುತ್ತಿದ್ದರು. ಒಬ್ಬೊಬ್ಬರೂ ತಾವು ಆಪರೇಷನ್ ಮಾಡಿದ ಕಣ್ಣುಗಳ ಫೋಟೋವನ್ನು ಪರದೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ತೋರಿಸಿ, ಗಾಯ ಹೇಗೆ ಕೂಡಿತು, ಲೆನ್ಸು ಹೇಗೆ ಕೂತಿತು ಎಂದು ವಿವರಿಸಬೇಕು. ದೊಡ್ಡ ಡಾಕ್ಟರು ಮುಂದಿನ ಸಾಲಿನ ನಟ್ಟನಡುವೆ ಕೈಕಟ್ಟಿ ಕೂರುತ್ತಿದ್ದರು. ಚಿತ್ರ ಕೊಂಚ ಮಂಜಾಗಿದ್ದರೂ ಸಾಕು, "ಇಳೀರಿ" ಅನ್ನುವರು. ಅಷ್ಟೇ, ಒಂದೇ ಮಾತು. ಕಣ್ಣಾಸ್ಪತ್ರೆಯಲ್ಲಿ ಮಬ್ಬು ಚಿತ್ರ ತೋರಿಸುವವನು ಹಳಸಿದ್ದು ಬಡಿಸುವ ಅಡುಗೆಯವನಿಗೆ ಸಮ ಎಂಬುದು ಅವರ ವಾದ. ಹೀಗೆ ಒಮ್ಮೆ ವೇದಿಕೆ ಇಳಿದ ಹಿರಿಯ ಡಾಕ್ಟರೊಬ್ಬರು ಅದೇ ಸಿಟ್ಟಿನಲ್ಲಿ ಮೆಟ್ಟಿಲೂ ಇಳಿದು, ಗೇಟೂ ದಾಟಿ, ರಸ್ತೆಯ ಆಚೆ ಬದಿಯಲ್ಲಿ ಸ್ವಂತ ಕ್ಲಿನಿಕ್ಕನ್ನೇ ತೆರೆದುಬಿಟ್ಟಿದ್ದರು.

ಇಂಥ ಮಾವನ ಕೈಕೆಳಗೆ ಸೊಸೆ ಕೆಲಸ ಮಾಡುತ್ತಿದ್ದಳು. ಅವಳೂ ಕಣ್ಣಿನ ಸರ್ಜನ್ನೇ. ಓದಿನಲ್ಲಿ ಮುಂದು, ಕೈಯೂ ಚುರುಕು. ಆದರೆ ಮಾವನ ಆಸ್ಪತ್ರೆಯಲ್ಲಿ ಅವಳ ಪಾಲಿಗೆ ಬಂದದ್ದು ಕನ್ನಡಕದ ನಂಬರು ನೋಡುವುದು, ಹನಿ ಹಾಕುವುದು, ಆಪರೇಷನ್ ಥಿಯೇಟರಿನಲ್ಲಿ ಮಾವನ ಪಕ್ಕ ಕೂತು ಕೇಳಿದ್ದನ್ನು ಕೈಗೆ ಕೊಡುವುದು. ಅದೂ ಸಾಲದು ಅಂತ ಈಚೆಗೆ ಹೆಜ್ಜೆ ಹೆಜ್ಜೆಗೂ "ಹೇಳು ನೋಡೋಣ, ಸರಿ ಇದೆಯಾ?" ಎಂದು ಪರೀಕ್ಷೆ ಬೇರೆ. ನನ್ನದೇ ಒಂದು ಟೇಬಲ್ಲು ಕೊಡಿ ಮಾವ, ನಾನೂ ಆಪರೇಷನ್ ಮಾಡ್ತೀನಿ ಅಂದಾಗಲೆಲ್ಲ "ಆಗ್ಲಮ್ಮ, ನೋಡೋಣ" ಅನ್ನುವರು. "ಇಲ್ಲ" ಅನ್ನುವ ಧೈರ್ಯ ಇಲ್ಲದ ಗಂಡಸರೆಲ್ಲ ಸೇರಿ ಹುಟ್ಟಿಸಿದ ಮಾತು ಈ "ನೋಡೋಣ" ಎಂದು ಸೊಸೆಗೆ ಎಂದೋ ಖಾತ್ರಿಯಾಗಿತ್ತು.

ಆದರೂ ಹನಿ ಹನಿ ಬಿದ್ದು ಕಲ್ಲೂ ಸವೆಯುತ್ತದಲ್ಲ. ಒಂದು ದಿನ ಮಾವ ಚಹಾ ಕುಡಿಯುತ್ತ ತಾವಾಗಿಯೇ ಬಾಯಿ ಬಿಟ್ಟರು.

"ನೋಡಮ್ಮ, ಓದೋವಾಗ ನೀನು ಮಾಡಿದ ಆಪರೇಷನ್ನುಗಳ ಫೋಟೋ ಇದಾವಲ್ಲ, ಅವನ್ನ ಈ ಸಲ ಸಭೇಲಿ ತೋರ್ಸು. ಕೂದಲೆಳೆಯಂಥ ಗಾಯ ಕೂದಲೆಳೆ ಥರಾನೇ ಕಾಣ್ಬೇಕು. ಕಂಡ್ರೆ ಎರಡನೇ ಟೇಬಲ್ಲು ನಿಂದು. ಮಬ್ಬಾಯ್ತೋ, ಸೊಸೆ ಗಿಸೆ ಅಂತ ನೋಡಲ್ಲ, ಇಳಿ ಅಂತೀನಿ."

ಅಂದಿನಿಂದ ಸೊಸೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸ್ಲೈಡಿನ ಮುಂದೆ ಕೂತಳು. ತೊಂದರೆ ಇದ್ದದ್ದು ಫೋಟೋಗಳಲ್ಲಿ ಅಲ್ಲ. ಮನೆಯ ಕಂಪ್ಯೂಟರಿನಲ್ಲಿ ಅವಳು ಸ್ಲೈಡು ಮಾಡುವ ಪ್ರೋಗ್ರಾಮು ಒಂದು, ಸಭೆಯ ಹಾಲಿನ ಕಂಪ್ಯೂಟರಿನಲ್ಲಿದ್ದ ಓಬೀರಾಯನ ಕಾಲದ ಪ್ರೋಗ್ರಾಮು ಇನ್ನೊಂದು. ಅದನ್ನು ಬದಲಾಯಿಸಿ ಅಂದರೆ ಮಾವ "ಹೆಂಡತೀನೂ ಸಾಫ್ಟ್‌ವೇರನ್ನೂ ಪದೇ ಪದೇ ಬದಲಾಯಿಸಬಾರದು" ಅನ್ನುವರು. ಅತ್ತೆ ಅಲ್ಲೇ ಇದ್ದರೆ "ಹೆಂಡತಿಗೂ ಆ ಮಾತು ಅನ್ವಯಿಸುತ್ತಲ್ಲ ಅಂತಾನೇ ನನಗೆ ದುಃಖ" ಅನ್ನುವರು.

ಈ ಪ್ರೋಗ್ರಾಮಿನಿಂದ ಆ ಪ್ರೋಗ್ರಾಮಿಗೆ ಹೋದ ಸ್ಲೈಡು ಮನೆ ಬದಲಾಯಿಸಿದ ಸಾಮಾನಿನ ಹಾಗೆ ಒಂದೂ ನೆಟ್ಟಗೆ ತಲುಪುತ್ತಿರಲಿಲ್ಲ. ಅಕ್ಷರಗಳು ಚೌಕಟ್ಟು ಹಾರಿ ಹೊರಗೆ ಬಿದ್ದಿರುತ್ತಿದ್ದವು. ಗಾಯವನ್ನು ತೋರಿಸಬೇಕಾದ ಬಾಣ ಹುಬ್ಬನ್ನು ತೋರಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಫೋಟೋಗಳು ಮಂಜು ಹಿಡಿದುಹೋಗುತ್ತಿದ್ದವು. ಸೊಸೆ ಸೋಲೊಪ್ಪುವ ಪೈಕಿಯಲ್ಲ. ಕೇಳಿ, ಓದಿ, ಬಿದ್ದು, ಎದ್ದು ಕಲಿತಳು. ಸೇವ್ ಮಾಡುವಾಗ ಈ ಪ್ರೋಗ್ರಾಮುಗಳು ಜಾಗ ಉಳಿಸುವ ನೆಪದಲ್ಲಿ ಚಿತ್ರವನ್ನು ಗುಟ್ಟಾಗಿ ಕುಗ್ಗಿಸಿಬಿಡುತ್ತವೆ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆ ಬುದ್ಧಿಯನ್ನು ಮೊದಲು ಸೆಟ್ಟಿಂಗಿನಲ್ಲಿ ಬಂದ್ ಮಾಡಬೇಕು. ಪರದೆಯಿಂದ ನಕಲು ಮಾಡಿದ ಚಿತ್ರ ಹಾಕಬಾರದು, ಕ್ಯಾಮೆರಾದ ಮೂಲ ಫೋಟೋವನ್ನೇ ಹಾಕಬೇಕು. ಸಣ್ಣದನ್ನು ಎಳೆದು ದೊಡ್ಡದು ಮಾಡಿದರೆ ಚಿತ್ರ ಹಿಗ್ಗುತ್ತದೆಯೇ ಹೊರತು ವಿವರ ಹಿಗ್ಗುವುದಿಲ್ಲ. ಕೊನೆಗೆ ಒಂದೊಂದು ಸ್ಲೈಡನ್ನೂ ಪ್ರೊಜೆಕ್ಟರಿನ ಅಳತೆಗೆ ಸರಿಯಾದ ಒಂದೇ ಪೂರ್ಣ ಚಿತ್ರವನ್ನಾಗಿ ಮಾಡಿಟ್ಟರೆ ಯಾವ ಹಳೇ ಪ್ರೋಗ್ರಾಮಪ್ಪನೂ ಅದನ್ನು ಅಲ್ಲಾಡಿಸಲಾರ.

ಶುಕ್ರವಾರ ಹಾಲಿಗೆ ಒಬ್ಬಳೇ ಹೋಗಿ ಹಾಕಿ ನೋಡಿದಳು. ಕಣ್ಣಿನ ಬಿಳಿಗುಡ್ಡೆಯ ಮೇಲಿನ ಒಂದೊಂದು ನರವೂ ಎಣಿಸುವ ಹಾಗಿತ್ತು. ಖುಷಿ ತಡೆಯಲಾರದೆ ಖಾಲಿ ಕುರ್ಚಿಗಳಿಗೆ ಒಮ್ಮೆ ನಮಸ್ಕಾರ ಮಾಡಿ ಬಂದಳು. ಫೈಲು ಮಾತ್ರ ಆನೆಯಷ್ಟು ದಪ್ಪಗಿತ್ತು. ಇದ್ದರೆ ಇರಲಿ, ಯಾರೇನು ಹೊರಬೇಕಾಗಿದೆಯೇ ಅಂದುಕೊಂಡಳು.

ಇಲ್ಲಿ ಅವಳ ಗಂಡನ ವಿಷಯ ಹೇಳಬೇಕು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು, ಒಳ್ಳೆಯವನು, ಆದರೆ ಯಾವುದೂ ಭಾರವಾಗಿರುವುದನ್ನು ಸಹಿಸುವವನಲ್ಲ. ಪ್ರಯಾಣ ಹೊರಟರೆ ಹೆಂಡತಿಯ ಪೆಟ್ಟಿಗೆಯಿಂದ ಅರ್ಧ ಬಟ್ಟೆ ತೆಗೆದಿಟ್ಟು "ನೋಡು, ಈಗ ಎಷ್ಟು ಹಗುರ ಆಯ್ತು" ಅನ್ನುವ ಪೈಕಿ. ಶನಿವಾರ ಹಾಲಿನಲ್ಲಿ ಮೈಕು, ಪ್ರೊಜೆಕ್ಟರು ನೋಡಿಕೊಳ್ಳುವ ಕೆಲಸ ಯಾವಾಗಲೂ ಅವನದೇ. ಸೊಸೆ ಕೆಳಗೆ ರೋಗಿಗಳ ಜೊತೆ ಇದ್ದಾಗ ಅವನು ಮೇಲೆ ಕಂಪ್ಯೂಟರ್ ತೆರೆದ. ಆ ದಪ್ಪ ಫೈಲನ್ನು ಕಂಡ. ಮಂಗನ ಕೈಗೆ ಮಾಣಿಕ್ಯ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಸಭೆ ತುಂಬಿತು. ರಸ್ತೆಯಾಚೆಯ ಡಾಕ್ಟರು ಕೂಡ ಬಂದಿದ್ದರು, ದೊಡ್ಡ ಡಾಕ್ಟರು ಸ್ವಂತ ಸೊಸೆಗೆ "ಇಳಿ" ಅನ್ನುವುದನ್ನು ಕಣ್ಣಾರೆ ಕಾಣುವ ಭಾಗ್ಯ ಯಾರಿಗೆ ಬೇಡ? ಸೊಸೆ ವೇದಿಕೆ ಹತ್ತಿ, ಗಂಟಲು ಸರಿಮಾಡಿಕೊಂಡು, ಮೊದಲ ಸ್ಲೈಡು ಹಾಕಿದಳು.

ಪರದೆಯ ಮೇಲೆ ಕಣ್ಣು ಇರಲಿಲ್ಲ. ನೆಂದ ಕಾಗದದ ಮೇಲೆ ಯಾರೋ ಶಾಯಿ ಚೆಲ್ಲಿದ ಹಾಗೆ ಒಂದು ಕಪ್ಪು, ಅದರ ಸುತ್ತ ಒಂದು ಕಂದು, ಅದರ ಸುತ್ತ ಕೊಳೆ ಬಿಳುಪು. ಎರಡನೆಯದು ಹಾಕಿದಳು, ಅದೂ ಹಾಗೇ. ಮೂರನೆಯದು ಇನ್ನೂ ಕಡೆ. ತಲೆಯೆತ್ತಿ ಹಿಂದಿನ ಸಾಲು ನೋಡಿದರೆ ಗಂಡ ಪ್ರೊಜೆಕ್ಟರಿನ ಪಕ್ಕ ನಿಂತು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸುತ್ತ, ಗಾಳಿಯಲ್ಲಿ ದೊಡ್ಡ ಆಕಾರ ಬರೆದು ಅದನ್ನು ಎರಡು ಬೆರಳ ನಡುವೆ ಪುಟ್ಟದು ಮಾಡಿ ತೋರಿಸಿದ. ಅವಳಿಗೆ ಎಲ್ಲ ಅರ್ಥವಾಯಿತು. ತಾಳಿ ಕಟ್ಟಿದವನು ಎಂಬ ಒಂದೇ ಕಾರಣಕ್ಕೆ ಮೈಕನ್ನು ಬೀಸಿ ಎಸೆಯಲಿಲ್ಲ.

ಸಭೆ ಏನು ಮಾಡಿತು ಕೇಳಿ. ಒಬ್ಬ ಡಾಕ್ಟರು ಮೆಲ್ಲಗೆ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡರು. ಪಕ್ಕದವರು ಅದನ್ನು ನೋಡಿ ತಮ್ಮದನ್ನು ಮೂಗಿನ ತುದಿಗೆ ಇಳಿಸಿದರು, ಮತ್ತೆ ಏರಿಸಿದರು. ಮತ್ತೊಬ್ಬರು ತುರಿಕೆಯ ನೆಪದಲ್ಲಿ ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರು. ಕನ್ನಡಕದಂಗಡಿಯವನು ತನಗೆ ತಾನೇ ಮಾಡಿಕೊಂಡ ಕನ್ನಡಕವನ್ನು ತೆಗೆದು, ಮೋಸ ಹೋದ ಗಿರಾಕಿಯ ಮುಖ ಮಾಡಿ ಬೆಳಕಿಗೆ ಹಿಡಿದ. ಆದರೆ ಒಬ್ಬನಾದರೂ ಬಾಯಿ ಬಿಟ್ಟು "ಮಬ್ಬಾಗಿದೆ" ಅನ್ನಬೇಕಲ್ಲ! ಬೇರೆ ಯಾವ ಸಭೆಯಲ್ಲಾದರೂ ಹಿಂದಿನಿಂದ ಒಬ್ಬ "ರೀ, ಫೋಕಸ್ ಮಾಡ್ರೀ" ಎಂದು ಕೂಗಿರುತ್ತಿದ್ದ. ಇಲ್ಲಿದ್ದವರೆಲ್ಲ ಊರಿಗೆ ಕಣ್ಣು ಕೊಡುವವರು. ನನಗೆ ಕಾಣುತ್ತಿಲ್ಲ ಎಂದು ಒಬ್ಬ ಹೇಳಿ, ಉಳಿದವರು ನಮಗೆ ಕಾಣುತ್ತಿದೆಯಲ್ಲ ಅಂದುಬಿಟ್ಟರೆ ನಾಳೆಯಿಂದ ಅವನ ಬಾಗಿಲಿಗೆ ನೊಣವೂ ಬರದು. ಹೀಗಾಗಿ ಎಲ್ಲರೂ ದೊಡ್ಡ ಡಾಕ್ಟರ ಬೆನ್ನನ್ನೇ ನೋಡುತ್ತ ಕಾದರು.

ದೊಡ್ಡ ಡಾಕ್ಟರು ಎದ್ದು ನಿಂತರು. ಸೊಸೆ "ಇಳಿ" ಎಂಬ ಮಾತಿಗೆ ಮೊದಲೇ ಒಂದು ಕಾಲು ಕೆಳಗಿಟ್ಟಿದ್ದಳು.

"ನೋಡಿದ್ರಾ?" ಅಂದರು ಮಾವ ಸಭೆಯ ಕಡೆ ತಿರುಗಿ. "ಇದಪ್ಪಾ ಸ್ಲೈಡು ಅಂದ್ರೆ! ಗಾಯದ ಅಂಚು ನೋಡಿ, ಎಳೆ ಎಳೆಯಾಗಿ ಕಾಣ್ತಿದೆ. ಇಷ್ಟು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರಾದ್ರೂ ಇಷ್ಟು ಸ್ಪಷ್ಟ ಚಿತ್ರ ತೋರಿಸಿದೀರಾ? ಸೋಮವಾರದಿಂದ ಎರಡನೇ ಟೇಬಲ್ಲು ಇವಳದು."

ಆಮೇಲೆ ರಸ್ತೆಯಾಚೆಯ ಡಾಕ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು, ಸಭೆಗೆ ಸಭೆಯೇ ಹಿಂಬಾಲಿಸಿತು. ಮರುವಾರ ಆ ಊರಿನ ಕಣ್ಣಿನ ಡಾಕ್ಟರುಗಳೆಲ್ಲ ಒಬ್ಬರಿಗೊಬ್ಬರು ಕಾಣದ ಹಾಗೆ ಹೋಗಿ ಕನ್ನಡಕದ ನಂಬರು ಬದಲಾಯಿಸಿಕೊಂಡರಂತೆ.

ಸಂಜೆ ಮನೆಗೆ ಬಂದ ಸೊಸೆ ಮೊದಲು ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಏನ್ರೀ ಮಾಡಿದ್ರಿ ನನ್ನ ಫೈಲನ್ನ?"

"ಆ ಹಳೇ ಕಂಪ್ಯೂಟರು ಏದುಸಿರು ಬಿಡ್ತಿತ್ತು ಕಣೇ. ಕುಗ್ಗಿಸಿ, ಫೋನಿಂದ ಕಳಿಸಿ, ಮತ್ತೆ ಅದರಲ್ಲಿ ಇಳಿಸ್ಕೊಂಡೆ. ಹೂವಿನಷ್ಟು ಹಗುರ! ದೊಡ್ಡದನ್ನ ಅಳಿಸೇಬಿಟ್ಟೆ, ಸುಮ್ನೆ ಜಾಗ ತಿಂತಿತ್ತು."

"ನಿಮ್ಮ ಹಗುರಕ್ಕಿಷ್ಟು ಬೆಂಕಿ ಹಾಕ! ಫೋನೂ ಒಂದು ಸಲ ಹಿಂಡಿತು, ನೀವೂ ಒಂದು ಸಲ ಹಿಂಡಿದ್ರಿ, ಚಿತ್ರದಲ್ಲಿ ಇನ್ನೇನು ಉಳೀತು? ಅಷ್ಟೂ ಮಬ್ಬಾಗಿತ್ತು, ಕಾಣ್ಲಿಲ್ವಾ ನಿಮಗೆ?"

"ಸ್ವಲ್ಪ ಮೆತ್ತಗೆ ಅನ್ನಿಸ್ತು," ಎಂದು ಗಂಡ ತಲೆ ಕೆರೆದುಕೊಂಡ. "ಆದ್ರೆ ಅಪ್ಪ ಅಷ್ಟು ಹೊಗಳಿದ್ರಲ್ಲ! ಟೇಬಲ್ಲು ಸಿಕ್ತಲ್ಲ! ಬಾಯ್ಮುಚ್ಕೊಂಡು ತಗೋ."

ಅವನು ಹೇಳಿದ್ದೇನೋ ಸುಲಭ. ಸೊಸೆಗೆ ಅದು ಬಾಯಲ್ಲಿ ಇಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಷ್ಟು ಮಬ್ಬು ಚಿತ್ರ ಅವರಿಗೆ ಸ್ಪಷ್ಟ ಕಂಡಿದೆ ಅಂದರೆ ಅವರಿಗೆ ಏನೂ ಕಂಡಿಲ್ಲ ಅಂತಲೇ ಅರ್ಥ. ಸೋಮವಾರ ಎರಡನೇ ಟೇಬಲ್ಲಿನಲ್ಲಿ ತಾನು ಕೂರುತ್ತೇನೆ, ಸರಿ. ಮೊದಲನೇ ಟೇಬಲ್ಲಿನಲ್ಲಿ ಯಾರದೋ ಕಣ್ಣಿನ ಮೇಲೆ ಚಾಕು ಹಿಡಿದು ಕೂರುವವರು ಯಾರು? ಅವರ ಪಕ್ಕದಲ್ಲಿ ತಾನು ಇರುವುದಿಲ್ಲ. ಆಗ ಅವಳಿಗೆ ಮಾವನ ಆ "ಸರಿ ಇದೆಯಾ?" ನೆನಪಾಯಿತು. ಅವರು ಪರೀಕ್ಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಅವಳು "ಇನ್ನು ಸ್ವಲ್ಪ ಎಡಕ್ಕೆ ಮಾವ" ಅಂದಾಗಲೆಲ್ಲ ಅವರು ಎಡಕ್ಕೆ ಸರಿಯುತ್ತಿದ್ದರು. ಮುದುಕರ ಮೇಲೆ ಸಿಟ್ಟೂ ಬಂತು, ಕರುಳೂ ಚುರಕ್ ಅಂದಿತು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಮೀಸೆ ನೋಡಿದೀಯಾ ಅವರದ್ದು?" ಅಂದರು ಅತ್ತೆ. "ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಕನ್ನಡೀಲಿ ಕಾಣಲ್ಲ, ಕೈಗೆ ಸಿಕ್ಕಿದ್ದು ಕತ್ತರಿಸ್ತಾರೆ. ಮನೇಲಿರೋ ಬಲ್ಬೆಲ್ಲ ಬದಲಾಯಿಸಿದ್ದಾಯ್ತು, ಬೆಳಕು ಸಾಲಲ್ಲ, ಬೆಳಕು ಸಾಲಲ್ಲ ಅಂತ. ನಾನು ಹೇಳಿದ್ರೆ ನಿನಗೇನು ಗೊತ್ತು ಅಂತಾರೆ. ನಿನಗೆ ಗೊತ್ತಲ್ಲ, ನೀನು ಹೇಳು ತಾಯಿ."

"ಟೇಬಲ್ಲು ಕೈ ತಪ್ಪುತ್ತೆ ಅತ್ತೆ."

"ತಪ್ಪುತ್ತೆ," ಅಂದರು ಅತ್ತೆ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಭಾನುವಾರ ಆಸ್ಪತ್ರೆಗೆ ರಜೆ. ಬೆಳಗ್ಗೆ ಸೊಸೆ ಮಾವನನ್ನು ಕರೆದುಕೊಂಡು ಹಿತ್ತಲ ಬಾಗಿಲಿನಿಂದ ಪರೀಕ್ಷೆಯ ಕೋಣೆಗೆ ಬಂದಳು. ರೋಗಿಯ ಕುರ್ಚಿಯನ್ನು ತೋರಿಸಿ "ಕೂತ್ಕೊಳ್ಳಿ ಮಾವ" ಅಂದಳು.

"ಇದೇನು ಹೊಸ ನಾಟಕ?"

"ನಾಳೆಯಿಂದ ನಾನೂ ಆಪರೇಷನ್ ಮಾಡೋಳು. ಯಾರ ಕಣ್ಣೂ ನೋಡದೆ ಟೇಬಲ್ಲಿಗೆ ಕಳಿಸಬಾರ್ದು ಅಂತ ನೀವೇ ಹೇಳ್ತೀರಲ್ಲ. ಟೇಬಲ್ಲಿನ ಈ ಕಡೆ ಕೂರೋರಿಗೂ ಅದೇ ನಿಯಮ ಇರ್ಲಿ. ಎದುರಿನ ಅಕ್ಷರ ಓದಿ."

ಮಾವ ನಕ್ಕರು. ಗೋಡೆಯ ಕಡೆ ಮುಖ ಮಾಡಿ, ಕಾಲ ಮೇಲೆ ಕಾಲು ಹಾಕಿ, ಮೇಲಿನ ದೊಡ್ಡ ಅಕ್ಷರದಿಂದ ಶುರುಮಾಡಿ ಇರುವೆಯಂಥ ಕೊನೆಯ ಸಾಲಿನವರೆಗೆ ಗಡಗಡನೆ ಒಪ್ಪಿಸಿದರು. ಒಂದು ಅಕ್ಷರ ತಪ್ಪಲಿಲ್ಲ. ಮುಗಿಸಿ, "ಸಾಕಾ? ಇಲ್ಲಾ, ಕೆಳಗಿರೋ ಕಂಪನಿ ಹೆಸರೂ ಓದ್ಲಾ?" ಅಂದರು.

"ಮಾವ," ಅಂದಳು ಸೊಸೆ. "ಅಕ್ಷರದ ಪರದೆ ನಾನಿನ್ನೂ ಹಾಕೇ ಇಲ್ಲ. ಗೋಡೆ ಮೇಲೆ ಏನೂ ಇಲ್ಲ."

ಮಾವನ ಕಾಲು ಮೆಲ್ಲಗೆ ಕೆಳಗಿಳಿಯಿತು. ಮುಖ ಕೆಂಪಾಯಿತು. "ಒಂದು ಸಲ ಹೊಗಳಿದೆ ಅಂತ ತಲೆ ಮೇಲೆ ಹತ್ತಿ ಕೂತ್ಯಾ? ಯಾರ ಹತ್ರ ಆಟ ಆಡ್ತಿದೀಯಾ ಗೊತ್ತಾ?" ಎಂದು ಗುಡುಗಿದರು. ಕೆಲಸಕ್ಕೆ ಬಾರದವಳು ಅಂದರು, ತಮ್ಮ ಮಗನಿಗೆ ಬೇರೆ ಹೆಣ್ಣೇ ಸಿಗಲಿಲ್ಲವೇ ಅಂದರು. ಸೊಸೆ ಸುಮ್ಮನೆ ನಿಂತು ಎಲ್ಲ ಕೇಳಿಸಿಕೊಂಡಳು. ಬೈಗುಳ ಖಾಲಿಯಾಗಲಿ ಎಂದೇ ಕಾದಳು.

"ನಿನ್ನೆ ನನ್ನ ಸ್ಲೈಡು ಒಂದೂ ಚೆನ್ನಾಗಿರಲಿಲ್ಲ ಮಾವ," ಅಂದಳು ಆಮೇಲೆ. "ನಿಮ್ಮ ಮಗ ಕುಗ್ಗಿಸಿ ಹಾಳು ಮಾಡಿದ್ರು. ಕಣ್ಣು ಯಾವುದು, ಹುಬ್ಬು ಯಾವುದು ಅಂತಾನೇ ತಿಳೀತಿರ್ಲಿಲ್ಲ. ನೀವು ಇಳಿ ಅನ್ಬೇಕಿತ್ತು. ನನಗೆ ಎರಡನೇ ಟೇಬಲ್ಲು ಬೇಡ, ವಾಪಸ್ ತಗೊಳ್ಳಿ. ಆದ್ರೆ ನಾಳೆ ಮೊದಲನೇದರಲ್ಲಿ ನೀವೂ ಕೂರಬಾರ್ದು. ಕೂತ್ರೆ ನಾನು ಥಿಯೇಟರ್ ಬಾಗಿಲಿಗೆ ಅಡ್ಡ ಮಲಗ್ತೀನಿ."

ಮಾವ ಎದ್ದು ಹೋಗಿ ಖಾಲಿ ಗೋಡೆಯನ್ನು ಕೈಯಿಂದ ಸವರಿ ನೋಡಿ, ವಾಪಸ್ ಬಂದು ಕೂತರು.

"ಸಭೇಲಿ ಯಾರೂ ತುಟಿ ಬಿಚ್ಲಿಲ್ಲ," ಅಂದರು ಕೊನೆಗೆ. ದನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ. "ಮಬ್ಬಾಗಿದ್ರೆ ಯಾವನಾದ್ರೂ ಗೊಣಗ್ತಿದ್ದ. ಎಲ್ಲಾ ಸುಮ್ನಿದಾರೆ, ಅಂದ್ಮೇಲೆ ಚೆನ್ನಾಗೇ ಇರ್ಬೇಕು ಅಂದ್ಕೊಂಡೆ. ನನ್ನನ್ನ ನಂಬ್ಕೊಂಡು ಅವರು, ಅವರನ್ನ ನಂಬ್ಕೊಂಡು ನಾನು. ಥೂ!"

"ಗಲ್ಲ ಇಡಿ ಮಾವ, ನೋಡ್ತೀನಿ."

ಗಲ್ಲ ಇಟ್ಟು ಕೂರುವ ಯಂತ್ರದ ಹಿಂದಿನಿಂದ ಸೊಸೆ ಅವರ ಕಣ್ಣೊಳಗೆ ಬೆಳಕು ಬಿಟ್ಟಳು. ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿನವರ ಪೊರೆಯನ್ನೆಲ್ಲ ತೆಗೆದ ಮನುಷ್ಯನ ಎರಡು ಕಣ್ಣಲ್ಲೂ ಹಾಲು ಕಡಿಮೆ ಬಿದ್ದ ಚಹಾದ ಬಣ್ಣದ ಪೊರೆ ಬಲಿತು ಕೂತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

"ಬಲಗಣ್ಣು ಪೂರ್ತಿ ಬಲಿತಿದೆ. ಎಡಗಣ್ಣೂ ಹೆಚ್ಚು ಹಿಂದಿಲ್ಲ," ಅಂದಳು. "ಯಾಕೆ ಮಾವ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಹೇಳಿದ ದಿನ ನಾನು ರೋಗಿ. ರೋಗಿ ಆದ್ಮೇಲೆ ಈ ಕಟ್ಟಡದಲ್ಲಿ ನಾನ್ಯಾರು?" ಮಾವ ಕಣ್ಣೊರೆಸಿಕೊಂಡರು. ಬೆಳಕು ಚುಚ್ಚಿತು ಅಂತ ಅವರೇ ಹೇಳಿದರು, ಸೊಸೆ ನಂಬಿದ ಹಾಗೆ ನಟಿಸಿದಳು. "ಎದುರುಗಡೆಯವನ ಹತ್ರ ಹೋದ್ರೆ ಪೊರೆ ತೆಗೀತಾನೋ ಇಲ್ವೋ, ಊರಿಗೆಲ್ಲ ಡಂಗುರ ಅಂತೂ ಹೊಡೀತಾನೆ. ನೀನೇ ಮಾಡು."

"ನಾನಾ?"

"ಮತ್ತೆ? ನಾಳೆ ಯಾರ್ಯಾರೋ ಪಾಪದವರು ಬರ್ತಾರೆ. ನಿನ್ನ ಕೈ ಹೆಂಗಿದೆ ಅಂತ ಅವರ ಕಣ್ಣಲ್ಲಿ ನೋಡೋಕೆ ಬಿಡಲಾ? ನನ್ನ ಕಣ್ಣಲ್ಲಿ ನೋಡ್ತೀನಿ. ನಾಳೆಯವರನ್ನೆಲ್ಲ ಮುಂದಕ್ಕೆ ಹಾಕು. ಪಟ್ಟಿಯಲ್ಲಿ ನನ್ನ ಹೆಸರು ಮೊದಲು."

ರಕ್ತ, ಸಕ್ಕರೆ, ಲೆನ್ಸಿನ ಅಳತೆ ಎಲ್ಲ ನೋಡಿ ಮುಗಿಸಿದ ಮೇಲೆ ದೊಡ್ಡ ಡಾಕ್ಟರನ್ನು ಥಿಯೇಟರಿಗೆ ಕರೆತಂದರು. ತಾವು ತರಿಸಿದ ಟೇಬಲ್ಲಿನ ಮೇಲೆ ತಾವೇ ಮಲಗಿದ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಾರೆಯೇ? ದೀಪ ಎಡಕ್ಕೆ ತಿರುಗಿಸಿ ಅಂದರು, ಕುರ್ಚಿ ಎತ್ತರ ಆಯಿತು ಅಂದರು, ದಿಂಬು ಯಾರು ಆರಿಸಿದ್ದು, ಕಲ್ಲಿನ ಹಾಗಿದೆ, ಇಷ್ಟು ದಿನ ಒಬ್ಬ ರೋಗಿಯೂ ಯಾಕೆ ಹೇಳಲಿಲ್ಲ ಎಂದು ನರ್ಸಿನ ಮೇಲೆ ರೇಗಿದರು. ಹೇಳಿದ್ದರೆ ಬಿಡುತ್ತಿದ್ದಿರಾ ಎಂದು ನರ್ಸು ಬಾಯಿಬಟ್ಟೆಯ ಹಿಂದೆಯೇ ಗೊಣಗಿದಳು. ಹನಿ ಹಾಕಿ ಕಣ್ಣು ಜೋಮು ಹಿಡಿದ ಮೇಲೆ ಹಸಿರು ಬಟ್ಟೆ ಮುಖ ಮುಚ್ಚಿತು. ಬಟ್ಟೆಯ ತೂತಿನಲ್ಲಿ ಒಂದು ಕಣ್ಣು ಮಾತ್ರ ಉಳಿಯಿತು.

ಸೊಸೆ ಸೂಕ್ಷ್ಮದರ್ಶಕದ ಹಿಂದೆ ಕೂತಳು. ಎಷ್ಟು ವರ್ಷ ಕಾದ ಕುರ್ಚಿ ಇದು, ಆದರೆ ಕೂತ ಮೇಲೆ ಕೈ ಮೇಲೇಳಲಿಲ್ಲ. ತಪ್ಪಿದರೆ ಅತ್ತೆಗೆ ಹೇಗೆ ಮುಖ ತೋರಿಸಲಿ ಅನ್ನಿಸಿತು. ಎದ್ದು ಓಡಿಬಿಡೋಣ ಎಂದೂ ಅನ್ನಿಸಿತು.

"ಯಾಕೆ ಸುಮ್ನಾದೆ?" ಬಟ್ಟೆಯ ಕೆಳಗಿನಿಂದ ಮಾವನ ದನಿ ಬಂತು.

"ಹೆದರಿಕೆ ಆಗ್ತಿದೆ ಮಾವ."



"ನನಗೂನಮ್ಮ," ಅಂದರು ಮಾವ. "ಇಲ್ಲಿ ಮಲಗಿಸಿದ ಒಬ್ಬೊಬ್ಬರಿಗೂ ಹೆದರ್ಕೋಬೇಡಿ, ಏನೂ ಆಗಲ್ಲ ಅಂತ ಗದರಿದೀನಿ. ಅಯ್ಯೋ, ಎಷ್ಟು ಹೆದರಿರ್ತಾರೆ ಜನ! ಹೂಂ, ಶುರು ಮಾಡು."

ಅವರ ಕೈ ಬಟ್ಟೆಯ ಅಂಚಿನಿಂದ ಹೊರಬಂದು ತಡಕಾಡಿ ನರ್ಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸೊಸೆ "ಅಲ್ಲಾಡಬೇಡಿ" ಎಂದು ಹೇಳಿ ಅವರ ಕಣ್ಣಿನ ಮೇಲೆ ಬಾಗಿದಳು.